ಖಾಲಿ ಬೇರೆ, ಸೊನ್ನೆ ಬೇರೆ

ಎಂಎಸ್ಸಿಯ ಕೊನೆಯ ಪ್ರಬಂಧ, ಅಂದರೆ ಡೆಸರ್ಟೇಷನ್, ಕೊಡೋದಕ್ಕೆ ಇನ್ನು ಐದೇ ವಾರ ಇದೆ. ಅದನ್ನು ಬಿಟ್ಟು ಇದನ್ನು ಬರೆಯುತ್ತಾ ಕೂತಿದ್ದೇನೆ. ಇದು ತಲೆಯಿಂದ ಇಳಿಯುವ ತನಕ ಅದು ಮುಂದಕ್ಕೆ ಹೋಗುವ ಹಾಗೆ ಕಾಣುತ್ತಿಲ್ಲ. ವಿಷಯ ತುಂಬ ಸಣ್ಣದು. ಒಂದು ಎಕ್ಸೆಲ್ ಹಾಳೆಯದ್ದು. ಎಂಎಸ್ಸಿ ಸೇರಿದ ಮೇಲೆ ಮೊದಲ ಸಲ ಫೀಲ್ಡಿಗೆ ಹೋಗಿ, ಹುಲ್ಲು ಎಣಿಸಿಕೊಂಡು ಬಂದು, ಲೆಕ್ಕವನ್ನೆಲ್ಲ ಟೈಪ್ ಮಾಡಿ ಗೈಡ್ ಮೇಡಂಗೆ ಕಳಿಸಿದ್ದೆ. ಅಡ್ಡಕ್ಕೆ ಗಿಡಗಳ ಹೆಸರು, ಉದ್ದಕ್ಕೆ ಎಣಿಸಿದ ಜಾಗಗಳು. ಗಿಡ ಇದ್ದ ಕಡೆ ಅಂಕಿ ಹಾಕಿದ್ದೆ, ಇಲ್ಲದ ಕಡೆ ಹಾಗೇ ಬಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. ಇಷ್ಟೊಂದು ಮನೆ ಖಾಲಿ ಬಿಟ್ಟಿದೀಯಲ್ಲ, ಇವೆಲ್ಲ ಸೊನ್ನೆನಾ, ಇಲ್ಲ ನೀನು ನೋಡೇ ಇಲ್ವಾ ಅಂತ ಕೇಳಿದರು. ಎರಡೂ ಒಂದೇ ಅಲ್ವಾ ಮೇಡಂ, ಇರಲಿಲ್ಲ, ಅದಕ್ಕೆ ಬಿಟ್ಟೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಸೊನ್ನೆ ಅಂದರೆ ನೋಡಿದೆ, ಇರಲಿಲ್ಲ ಅಂತ. ಖಾಲಿ ಅಂದರೆ ಯಾರೂ ನೋಡಿಲ್ಲ ಅಂತ. ಪೂರ್ತಿ ತುಂಬಿ ಕಳಿಸು ಅಂದರು. ರಾತ್ರಿಯೆಲ್ಲ ಕೂತು ಸೊನ್ನೆ ತುಂಬಿದೆ. ಸುಲಭದ ಕೆಲಸ ಅಂದುಕೊಂಡಿದ್ದೆ. ಆದರೆ ಕೆಲವು ಮನೆಗಳ ಹತ್ತಿರ ಕೈ ನಿಂತುಬಿಟ್ಟಿತು. ಆ ಗಿಡವನ್ನು ಅಲ್ಲಿ ನಾನು ನಿಜವಾಗಿಯೂ ಹುಡುಕಿದ್ದೆನಾ? ನೆನಪೇ ಆಗಲಿಲ್ಲ.

ಅವತ್ತಿನಿಂದ ಇದೊಂದು ರೋಗ. ಎಲ್ಲಿ ಏನೂ ಇಲ್ಲ ಅಂತ ಯಾರಾದರೂ ಅಂದರೂ, ನೋಡಿ ಹೇಳುತ್ತಿದ್ದಾರಾ, ನೋಡದೆ ಹೇಳುತ್ತಿದ್ದಾರಾ ಅಂತ ಮನಸ್ಸು ಕೇಳುತ್ತದೆ. ನಮ್ಮೂರು ಚಳ್ಳಕೆರೆ ತಾಲ್ಲೂಕಿನದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ. ಬಸ್ಸಲ್ಲಿ ಪಕ್ಕ ಕೂತವರು ಏನ್ ಓದ್ತಿದೀಯಮ್ಮ ಅಂತ ಕೇಳುತ್ತಾರೆ. ಎಂಎಸ್ಸಿ ಇಕಾಲಜಿ ಅಂಡ್ ಎವಲ್ಯೂಷನರಿ ಬಯಾಲಜಿ ಅನ್ನುತ್ತೇನೆ. ಚಳ್ಳಕೆರೆಯಿಂದ ಹಿರಿಯೂರಿಗೆ ಹೋಗುವಷ್ಟು ಉದ್ದದ ಹೆಸರು. ಹಂಗಂದ್ರೆ? ಗಿಡ, ಹುಳ, ಪ್ರಾಣಿ ಒಂದಕ್ಕೊಂದು ಹೊಂದಿಕೊಂಡು ಹೆಂಗೆ ಬದುಕ್ತಾವೆ, ಈಗಿರೋ ಥರ ಹೆಂಗಾದ್ವು, ಅದು. ಅವರು ತಲೆ ಆಡಿಸಿ, ಅದ್ರಾಗೆ ಏನೈತವ್ವ ಅನ್ನುತ್ತಾರೆ. ಎಲ್ಲಿ ಮಾಡ್ತೀಯ ಅದನ್ನ? ನಮ್ಮೂರ ಹುಲ್ಲಿನ ಕಾವಲಲ್ಲೇ. ಕಾವಲಾ? ಅಲ್ಲೇನೈತೆ? ಎರಡು ಪ್ರಶ್ನೆಗೂ ಒಂದೇ ರಾಗ. ನನ್ನ ಓದಿಗೂ ಆ ಕಾವಲಿಗೂ ನಮ್ಮ ಕಡೆ ಸಿಗುವ ಮರ್ಯಾದೆ ಅಷ್ಟೇ.

ಐದು ಅಂಕದ ಡಾರ್ವಿನ್

ಬಿಎಸ್ಸಿ ಮಾಡಿದ್ದು ದಾವಣಗೆರೆಯಲ್ಲಿ. ಕಾಂಬಿನೇಷನ್ ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂಆಲಜಿ. ಹಾಸ್ಟೆಲ್ ಊಟ, ಪಿ.ಬಿ. ರಸ್ತೆಯ ಧೂಳು, ತಿಂಗಳಿಗೊಮ್ಮೆ ಊರಿನ ಬಸ್ಸು. ಜೀವವಿಕಾಸ ಅನ್ನೋದು ಆಗ ಪರೀಕ್ಷೆಗೆ ಎರಡು ವಾರ ಮುಂಚೆ ಬರುವ ಅಧ್ಯಾಯ. ಲಾಮಾರ್ಕನ ಜಿರಾಫೆ, ಡಾರ್ವಿನ್ನನ ಫಿಂಚು, ಐದು ಅಂಕಕ್ಕೆ ಒಂದು ಟಿಪ್ಪಣಿ. ಇದು ನಮ್ಮ ಹೊಲದಲ್ಲಿ ನಡೆಯುವ ವಿಷಯ ಅಂತ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಪರಿಸರ ವಿಜ್ಞಾನ ಅಂದರೆ ಓಝೋನ್ ತೂತು, ಪ್ಲಾಸ್ಟಿಕ್, ಮಳೆಕೊಯ್ಲು. ಎಲ್ಲ ಮುಖ್ಯವೇ, ಬೇಡ ಅನ್ನುತ್ತಿಲ್ಲ. ಆದರೆ ಮೂರು ವರ್ಷದಲ್ಲಿ ಒಂದು ದಿನವೂ ನಾವು ಕಾಲೇಜಿನ ಕಾಂಪೌಂಡ್ ದಾಟಿ ಒಂದು ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರಲಿಲ್ಲ. ಗಿಡ ಅಂದರೆ ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆ. ಕಪ್ಪೆ ಅಂದರೆ ಚಾರ್ಟು.

ಈ ಕೋರ್ಸಿನ ವಿಷಯ ತಿಳಿದದ್ದು ಗೇಟ್ ಪರೀಕ್ಷೆಯ ಪಟ್ಟಿಯಿಂದ. ಗೇಟ್ ಅಂದರೆ ಎಂಜಿನಿಯರುಗಳದ್ದು ಅಂದುಕೊಂಡಿದ್ದೆ. ಹಾಸ್ಟೆಲಿನ ಅಕ್ಕ ಒಬ್ಬಳು ಪಟ್ಟಿ ತೋರಿಸಿದಾಗ ಅದರಲ್ಲಿ 'ಇಕಾಲಜಿ ಅಂಡ್ ಎವಲ್ಯೂಷನ್' ಅಂತಲೇ ಒಂದು ಪೇಪರ್ ಇತ್ತು. ಇಷ್ಟಕ್ಕೂ ಒಂದು ಪರೀಕ್ಷೆ ಇದೆಯಾ ಅನ್ನಿಸಿತು. ಈಗ ಊರ ಕಡೆಯ ಹುಡುಗರು ಎಲ್ಲಿ ಓದೋದು ಅಂತ ಮೆಸೇಜ್ ಮಾಡುತ್ತಿರುತ್ತಾರೆ, ಅವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದ ಎಂಎಸ್ಸಿ ಇದೆ, ಎರಡು ವರ್ಷಕ್ಕೊಮ್ಮೆ ಬೆರಳೆಣಿಕೆಯಷ್ಟು ಜನರನ್ನು ತಗೊಳ್ಳುತ್ತಾರೆ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಇದೆ, ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಇಕಾಲಜಿ ಇದೆ. ಹತ್ತಿರಕ್ಕೆ ಬೇಕು ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗ ಇದೆ. ಐಐಎಸ್ಸಿಯಲ್ಲಿ 1983ರಲ್ಲಿ ಮಾಧವ ಗಾಡ್ಗೀಳರು ಶುರು ಮಾಡಿದ ಪರಿಸರ ವಿಜ್ಞಾನ ಕೇಂದ್ರ ಇದೆ, ಅಲ್ಲಿ ಹೆಚ್ಚಾಗಿ ಪಿಎಚ್‌ಡಿ. ಸೀಟು ಎಲ್ಲೂ ಜಾಸ್ತಿ ಇಲ್ಲ. ಓದಿ ಮುಗಿಸಿದ ಮರುದಿನ ಕೆಲಸ ಅಂತಲೂ ಇಲ್ಲ. ನಮ್ಮ ಸೋದರಮಾವ ಇವತ್ತಿಗೂ ಬಿ.ಎಡ್ ಅರ್ಜಿ ಯಾವಾಗ ಕರೀತಾರೆ ನೋಡಿದ್ಯಾ ಅಂತ ಕೇಳುತ್ತಾನೆ. ಅವನನ್ನು ತಪ್ಪು ಅನ್ನೋಕೆ ನನಗೆ ಬಾಯಿಲ್ಲ.

ನನಗೆ ಸೀಟು ಸಿಕ್ಕಿದ್ದು ಹೊರರಾಜ್ಯದಲ್ಲಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಅಲ್ಲಿ ಎಲ್ಲ ಇಂಗ್ಲಿಷು. ಮೊದಲ ಸೆಮಿನಾರಿನಲ್ಲಿ 'ಫಿಟ್‌ನೆಸ್' ಅನ್ನೋ ಪದಕ್ಕೆ ಜಿಮ್ಮಿನ ಅರ್ಥ ಇಟ್ಟುಕೊಂಡು ಹತ್ತು ನಿಮಿಷ ಕೇಳಿದ್ದೆ. ಇಲ್ಲಿ ಅದರ ಅರ್ಥ ಎಷ್ಟು ಮರಿ ಉಳಿದವು, ಮುಂದಕ್ಕೆ ಎಷ್ಟು ವಂಶ ಹೋಯಿತು ಅನ್ನೋದು. ಅಪ್ಪ ಟಗರು ಆರಿಸುವಾಗ ನೋಡೋದೂ ಅದನ್ನೇ, ಅದರ ತೋಳು ತೊಡೆ ಅಲ್ಲ. ಇಷ್ಟು ಹೊತ್ತು ಬೇಕಾಯಿತು ಗೊತ್ತಾಗೋಕೆ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಅನ್ನೋ ಸಾಫ್ಟ್‌ವೇರ್ ಕಲಿತ ಕಥೆ ಬೇಡ. ಒಂದು ಅಲ್ಪವಿರಾಮಕ್ಕೆ ಎರಡು ಸಂಜೆ ಅತ್ತಿದ್ದೇನೆ, ಅಷ್ಟು ಸಾಕು.

ಡೆಸರ್ಟೇಷನ್ನಿಗೆ ಜಾಗ ಆರಿಸುವ ಹೊತ್ತಿಗೆ ಕ್ಲಾಸಿನವರೆಲ್ಲ ಘಟ್ಟಕ್ಕೆ ಹೊರಟರು. ಒಬ್ಬಳಿಗೆ ಕಪ್ಪೆ, ಒಬ್ಬನಿಗೆ ಮಂಗಟ್ಟೆ, ಇನ್ನೊಬ್ಬನಿಗೆ ಹುಲಿಯ ಕ್ಯಾಮೆರಾ ಟ್ರ್ಯಾಪು. ನಾನೂ ಆಗುಂಬೆ ಅಂತ ಬರೆದಿದ್ದೆ. ಮಳೆ ನೋಡುವ ಆಸೆ, ಬಯಲುಸೀಮೆಯವರಿಗೆ ಇರುತ್ತಲ್ಲ. ಮೇಡಂ ಊರು ಯಾವುದು ಅಂತ ಕೇಳಿ, ಚಳ್ಳಕೆರೆ ಅಂದ ಕೂಡಲೇ, ಅಮೃತ ಮಹಲ್ ಕಾವಲು ಇರೋ ಚಳ್ಳಕೆರೆನಾ ಅಂದರು. ದೂರದ ರಾಜ್ಯದ ಮೇಷ್ಟ್ರ ಬಾಯಲ್ಲಿ ನಮ್ಮ ಕಾವಲಿನ ಹೆಸರು ಕೇಳಿ ಬೆಚ್ಚಿಬಿದ್ದೆ. ನಮಗೆ ಅದು ದನ ಬಿಡುವ ಜಾಗ. ಮೈಸೂರು ಅರಸರ ಕಾಲದಲ್ಲಿ ಸೈನ್ಯದ ಎತ್ತುಗಳಿಗೆ ಅಂತ ಕಾಪಾಡಿದ ಹುಲ್ಲು ಅದು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಅಮೃತ ಮಹಲ್ ಅನ್ನೋ ಹೆಸರು ಇಟ್ಟವನು ಟಿಪ್ಪು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಅಂತ ಮೂರು ಥರದ ದನಗಳಿಂದ ಆ ತಳಿ ಬಂತು ಅಂತ ಓದಿದ್ದು ನಾನು ಊರು ಬಿಟ್ಟು ಎಷ್ಟೋ ವರ್ಷ ಆದ ಮೇಲೆ, ಹಾಸ್ಟೆಲ್ ರೂಮಿನಲ್ಲಿ.

ಪೈಪಿನ ಚೌಕ

ಚಿತ್ತೆ ಮಳೆ ಮುಗಿದು ಹುಲ್ಲು ತೆನೆ ಬಿಟ್ಟಿತ್ತು. ಹೆಣ್ಣುಮಗಳು ಒಬ್ಬಳೇ ಕಾವಲಿಗೆ ಹೋಗೋದಾ ಅಂತ ಅವ್ವ ರಾತ್ರಿ ಎಲ್ಲ ಗೊಣಗಿದಳು. ಬೆಳಗ್ಗೆ ಅಪ್ಪ ಮಾತಾಡದೆ ಟಿವಿಎಸ್ ಎಕ್ಸೆಲ್ ಹೊರಗೆ ತೆಗೆದ. ಕರೆಂಟಿನ ಪೈಪು, ನಾಲ್ಕು ಎಲ್ಬೋ ಹಾಕಿ ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ ಚೌಕ ಮಾಡಿದ್ದೆವು. ಇದಕ್ಕೆ ಕ್ವಾಡ್ರಾಟ್ ಅಂತಾರೆ. ನೆಲದ ಮೇಲೆ ಇಟ್ಟು, ಒಳಗಿರುವ ಪ್ರತಿ ಗಿಡವನ್ನೂ ಎಣಿಸೋದು. ಅಷ್ಟೇ. ಅದನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಕೂತೆ. ದಾರಿಯಲ್ಲಿ ಸಿಕ್ಕವರೆಲ್ಲ, ಕಿಟಕಿ ಯಾವ ಮನೆಗೆ ಅಂತ ಕೇಳಿದರು.

ಎಲ್ಲಿ ಇಡಬೇಕು ಅನ್ನೋದನ್ನು ನಾನು ಆರಿಸುವಂತಿಲ್ಲ. ಮೊಬೈಲು ಎರಡು ಅಂಕಿ ಕೊಡುತ್ತದೆ. ಬಲಕ್ಕೆ 31 ಹೆಜ್ಜೆ, ಮುಂದಕ್ಕೆ 7. ಅಲ್ಲಿ ಏನೇ ಇರಲಿ, ಇಡಬೇಕು. ಮೊದಲನೆಯದೇ ಬರೀ ಗರಸುಕಲ್ಲಿನ ಮೇಲೆ ಬಿತ್ತು. ಅಪ್ಪನಿಗೆ ಸಹಿಸೋಕೆ ಆಗಲಿಲ್ಲ.

"ಇಲ್ಲಿ ಬರೀ ಕಲ್ಲೈತಲ್ಲವ್ವ. ಅಗೋ ಅಲ್ಲಿ ನೋಡು, ಸೊಂಟದುದ್ದ ಬೆಳದೈತೆ. ಅಲ್ಲಿಡು."

"ನಾನು ಆರಿಸಬಾರದಪ್ಪ."

"ಆರಿಸದೆ ಯಾವ ಕೆಲಸ ಆಗ್ತೈತೆ?"

ಹೇಗೆ ಹೇಳೋದು ಅಂತ ಯೋಚಿಸಿ, ಮಂಡಿಯ ಶೇಂಗಾ ನೆನಪಾಯಿತು. ಚೀಲದ ಬಾಯಲ್ಲಿ ಒಳ್ಳೇ ಕಾಯಿ ಇಟ್ಟು ತೋರಿಸಿದರೆ ವ್ಯಾಪಾರಿ ಒಪ್ತಾನಾ ಅಂದೆ. ಅಪ್ಪ ನಕ್ಕ. ಒಪ್ಪಲ್ಲ, ನಡುವಿಗೆ ಕೈ ತೂರಿಸ್ತಾನೆ ಅಂದ. ಇದೂ ಅದೇ ಅಂದೆ. ಆಮೇಲೆ ಅವನು ಒಂದು ಸಲವೂ ಕೇಳಲಿಲ್ಲ. ನನಗಿಂತ ಕಟ್ಟುನಿಟ್ಟಾದ. ಒಂದು ಕಡೆ ಕಾರೆ ಮುಳ್ಳಿನ ಪೊದೆಯೊಳಗೆ ಬಿದ್ದಾಗ ನಾನು ಸ್ವಲ್ಪ ಪಕ್ಕಕ್ಕೆ ಸರಿಸೋಣ ಅಂದರೆ, ಆಗಲ್ಲ, ಲೆಕ್ಕ ಲೆಕ್ಕನೇ ಅಂತ ಮಚ್ಚು ತರೋಕೆ ಹೋದ. ಕಡಿಯಬಾರದು ಅಂತ ತಡೆದು, ಮೊಣಕೈ ಗೀರಿಸಿಕೊಂಡು ಎಣಿಸಿದೆ. ರ‍್ಯಾಂಡಮ್ ಸ್ಯಾಂಪ್ಲಿಂಗ್ ಬಗ್ಗೆ ನಾನು ಪರೀಕ್ಷೆಯಲ್ಲಿ ಬರೆದ ಮೂರು ಪುಟಕ್ಕಿಂತ ಆ ಚೀಲದ ಮಾತು ಚೆನ್ನಾಗಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ 'ಮಾಡಿದಷ್ಟು ನೀಡು ಭಿಕ್ಷೆ'ಯನ್ನು ಅಂಕಿಅಂಶದ ಪುಸ್ತಕದ ಮೊದಲ ಪುಟಕ್ಕೆ ಹಾಕಬೇಕು ಅಂತ ನನ್ನ ಬಹಳ ದಿನದ ಅಭಿಪ್ರಾಯ. ಎಷ್ಟು ಚೌಕ ಇಟ್ಟೆಯೋ ಅಷ್ಟೇ ಉತ್ತರ.

ಹನ್ನೊಂದು ಗಂಟೆ ಹೊತ್ತಿಗೆ ಕುರಿ ಬಂದವು. ಹಿಂದೆ ಕಂಬಳಿ ಹೊದ್ದ ತಾತ, ಅವರ ಮೊಮ್ಮಗ. ಹುಡುಗ ಟೇಪನ್ನು ನೋಡಿದ, ಗೂಟ ನೋಡಿದ, ನನ್ನ ಕೈಯಲ್ಲಿದ್ದ ಜಿಪಿಎಸ್ ನೋಡಿದ. ತಾತ ಹತ್ತಿರ ಬರದೆ ದೂರದಿಂದಲೇ ಕೇಳಿದರು.

"ಅಳತೆ ಯಾವ ಕಂಪನಿಗೆ?"

ಅವರು ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಕಾವಲಿನಲ್ಲಿ ಟೇಪು ಹಿಡಿದವರು ಬಂದರೆ ಏನಾಗುತ್ತದೆ ಅನ್ನೋದನ್ನು ಜನ ನೋಡಿದ್ದಾರೆ. ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಅಂತ ದೊಡ್ಡ ದೊಡ್ಡ ಕೆಲಸಗಳಿಗೆ ಹೋಯಿತು. ಹಸಿರು ನ್ಯಾಯಮಂಡಳಿಯ ತನಕ ಕೇಸು ನಡೆಯಿತು. ಕೊನೆಗೆ ಊರಿಗೆ ಉಳಿದದ್ದು ಉದ್ದನೆಯ ಗೋಡೆ, ಗೋಡೆಯ ಸುತ್ತ ಕುರಿ ಬಳಸಿ ಹೋಗುವ ದಾರಿ. ನಾನು ಎಣಿಸುತ್ತಿದ್ದದ್ದು ಗೋಡೆಯ ಹೊರಗೆ ಉಳಿದ ಚೂರಿನಲ್ಲಿ. ಕಂಪನಿ ಅಲ್ಲ ತಾತ, ಹುಲ್ಲು ಎಣಿಸ್ತಿದೀನಿ ಅಂದೆ.

"ಎಣಿಸಿ?"

"ಎಷ್ಟೈತೆ, ಯಾವ್ಯಾವ್ದೈತೆ ಅಂತ ಬರಿಯೋದು."

"ಬರಿಯೋಕೆ ಏನೈತೆ ಇದ್ರಾಗೆ?" ಅಂದವರು ಅಪ್ಪನ ಕಡೆ ತಿರುಗಿ, "ಓದಿಸಿದ್ದು ಇದಕ್ಕಾ ಗೌಡ?" ಅಂದರು. ಅಪ್ಪ ಏನೂ ಹೇಳಲಿಲ್ಲ. ಕಂಬಳಿ ಹಾಸಿ ಕೂತ್ಕೊಳಯ್ಯ ಅಂದ.

ಬೀಡಿ ಹಚ್ಚಿ ಕೂತ ತಾತ ಸುಮ್ಮನೆ ನೋಡುತ್ತಿದ್ದರು. ಅವರ ಕಂಬಳಿ ತುಂಬ ಚುಚ್ಚೋ ಹುಲ್ಲಿನ ಬೀಜ. ನಾವು ಮನೆಯಲ್ಲಿ ಚುಚ್ಚೋ ಹುಲ್ಲು ಅಂತಲೇ ಅನ್ನೋದು, ಪುಸ್ತಕದಲ್ಲಿ ಅದು ಹೆಟೆರೋಪೋಗನ್ ಕಂಟಾರ್ಟಸ್. ಕಂಟಾರ್ಟಸ್ ಅಂದರೆ ತಿರುಚಿಕೊಂಡದ್ದು. ಬೀಜದ ತುದಿ ಸೂಜಿ, ಹಿಂದೆ ಬೆರಳುದ್ದದ ಕಂದು ಬಾಲ, ಹಗ್ಗ ಹೊಸೆದ ಹಾಗೆ ಹೊಸೆದುಕೊಂಡಿರುತ್ತದೆ. ಚಿಕ್ಕವರಿದ್ದಾಗ ಅದರ ಮೇಲೆ ಎಂಜಲು ಹಚ್ಚಿ ಅಂಗೈ ಮೇಲೆ ಇಡುತ್ತಿದ್ದೆವು. ಒದ್ದೆಯಾದ ಕೂಡಲೇ ಹೊಸೆತ ಬಿಚ್ಚಿಕೊಳ್ಳುತ್ತದೆ, ಬೀಜ ಗಿರಗಿರ ತಿರುಗುತ್ತದೆ. ಹುಳ ಹುಳ ಅಂತ ಕೂಗುತ್ತಿದ್ದೆವು. ಅದು ಆಟ ಅಲ್ಲ ಅಂತ ಗೊತ್ತಾದದ್ದು ಎಂಎಸ್ಸಿ ಕ್ಲಾಸಿನಲ್ಲಿ. ರಾತ್ರಿ ಇಬ್ಬನಿಗೆ ಬಾಲ ಬಿಚ್ಚುತ್ತದೆ, ಹಗಲು ಬಿಸಿಲಿಗೆ ಮತ್ತೆ ತಿರುಚುತ್ತದೆ. ಒಂದೊಂದು ಸುತ್ತಿಗೂ ಸೂಜಿ ನೆಲದೊಳಗೆ ಒಂದಿಷ್ಟು ಇಳಿಯುತ್ತದೆ. ಮೇಲೆ ಬೆಂಕಿ ಹೋದರೂ ಒಳಗಿನ ಬೀಜ ಉಳಿಯುತ್ತದೆ. ಸತ್ತ ಬಾಲ, ಅದರಲ್ಲಿ ಜೀವ ಇಲ್ಲ, ಆದರೂ ಬಿತ್ತನೆ ಮಾಡುತ್ತದೆ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಸ್ವಲ್ಪ ಜಾಸ್ತಿ ತಿರುಚಿದ ಬೀಜ ಸ್ವಲ್ಪ ಜಾಸ್ತಿ ಉಳಿಯಿತು, ಅದೇ ಲಕ್ಷಾಂತರ ಸಲ ಆಯಿತು. ಫಿಂಚಿನ ಕೊಕ್ಕು ಬರೆದು ಐದು ಅಂಕ ತಗೊಂಡ ದಿನ ಈ ಬೀಜ ನನ್ನ ಲಂಗದ ಅಂಚಿನಲ್ಲೇ ಚುಚ್ಚಿಕೊಂಡಿತ್ತೋ ಏನೋ.

ಹದಿನಾಲ್ಕನೇ ಚೌಕ ಮುಗಿಸಿ, ಇಲ್ಲದ ಗಿಡಗಳ ಮುಂದೆ ಸೊನ್ನೆ ಬರೆಯುತ್ತಾ ಜೋರಾಗಿ ಓದುತ್ತಿದ್ದೆ. ವಿಷ್ಣುಕ್ರಾಂತಿ, ಸೊನ್ನೆ. ತಾತ ಬೀಡಿ ತೆಗೆದರು.

"ವಿಷ್ಣುಕ್ರಾಂತಿ ಯಾಕಿಲ್ಲ? ಐತಲ್ಲ."

ಎದ್ದು ಬಂದು, ಕೋಲಿನಿಂದ ಹುಲ್ಲಿನ ಬುಡ ಸರಿಸಿದರು. ನೆಲಕ್ಕೆ ಅಂಟಿಕೊಂಡು, ಬೂದು ರೋಮದ ಸಣ್ಣ ಎಲೆ, ದಾರದಂಥ ಮೂರು ಬಳ್ಳಿ. ಹೂವು ಮುಚ್ಚಿಕೊಂಡಿತ್ತು. ನಾನು ನೀಲಿ ಹೂವನ್ನು ಹುಡುಕುತ್ತಿದ್ದೆ, ಗಿಡವನ್ನಲ್ಲ. "ಇದು ಬಿಸಿಲೇರಿದ್ರೆ ಕಣ್ಣು ಮುಚ್ತೈತೆ. ಹೊತ್ತಾರೆ ಬಾರವ್ವ, ಆಮೇಲೆ ಇಲ್ಲ ಅನ್ನು" ಅಂದರು. ಸೊನ್ನೆ ಹೊಡೆದು 1 ಬರೆದೆ. ಆಮೇಲೆ ಹಿಂದಿನ ಹದಿಮೂರು ಚೌಕಕ್ಕೂ ವಾಪಸ್ ಹೋದೆವು. ನಾಲ್ಕರಲ್ಲಿ ಇತ್ತು. ಈ ಗಿಡದ ಲ್ಯಾಟಿನ್ ಹೆಸರು ಇವಾಲ್ವುಲಸ್. ಎವಲ್ಯೂಷನ್ ಅನ್ನೋ ಪದವೂ ಅದೂ ಒಂದೇ ಲ್ಯಾಟಿನ್ ಬೇರಿನದು, ಸುರುಳಿ ಬಿಚ್ಚೋದು ಅಂತ ಅರ್ಥ. ಡಿಗ್ರಿಯ ಹೆಸರೇ ಬಿದ್ದಿದ್ದ ಜಾಗದಲ್ಲಿ ನಾನು ಸೊನ್ನೆ ಬರೆದಿದ್ದೆ.

ಊಟಕ್ಕೆ ಕೂತಾಗ ಅಪ್ಪನಿಗೆ ಡಾರ್ವಿನ್ ಕಥೆ ಹೇಳಿದೆ. ಅವನೂ ಕಳೆ ಎಣಿಸಿದ್ದ. ಮನೆಯ ಹಿಂದೆ ಮೂರು ಅಡಿ ಉದ್ದ, ಎರಡು ಅಡಿ ಅಗಲದ ನೆಲ ಅಗೆದು ಹಸನು ಮಾಡಿ, ತಾನಾಗಿ ಹುಟ್ಟಿದ ಒಂದೊಂದು ಕಳೆಯನ್ನೂ ಗುರುತು ಹಾಕಿದ. 357 ಹುಟ್ಟಿದವು. ಅದರಲ್ಲಿ 295 ಸತ್ತವು, ಹೆಚ್ಚಿನವು ಹುಳಹುಪ್ಪಟೆಗೆ. ಇದನ್ನು 1859ರ ಪುಸ್ತಕದಲ್ಲೇ ಬರೆದಿದ್ದಾನೆ. ಅಪ್ಪ ಮುದ್ದೆ ಮುರಿಯುತ್ತಾ ಲೆಕ್ಕ ಹಾಕಿದ. "62 ಉಳಿದ್ವು. ನಮ್ಮ ಹೊಲದಾಗೆ ಅಷ್ಟೂ ಉಳಿತಿದ್ವು" ಅಂದ. ಆಮೇಲೆ, "ಅವನಿಗೂ ಯಾರಾದ್ರೂ ಕೇಳಿರ್ತಾರೆ ಬಿಡು, ಇದಕ್ಕಾ ಓದ್ಸಿದ್ದು ಅಂತ" ಅಂದ. ತಾತನ ಮಾತು ಅವನಿಗೆ ನಾಟಿತ್ತು ಅಂತ ಆಗ ಗೊತ್ತಾಯಿತು.

ಮುಖ್ಯ ಅತಿಥಿ

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಮರುವರ್ಷದ ಜೂನ್ 5. ನಾನು ಓದಿದ ಹೈಸ್ಕೂಲಿನಿಂದ ಫೋನ್. ಪರಿಸರ ದಿನಾಚರಣೆಗೆ ನೀನೇ ಮುಖ್ಯ ಅತಿಥಿ, ಪರಿಸರವನ್ನೇ ಓದ್ತಿರೋ ನಮ್ಮೂರ ಮಗಳು ಅಂದರು. ಅವ್ವ ಹೊಸ ಸೀರೆ ತೆಗೆದಳು. ಹೋದರೆ ಶಾಲೆಯ ಹಿಂದಿನ ಬಯಲಿನಲ್ಲಿ, ಅಂದರೆ ಕಾವಲಿನ ಅಂಚಿನಲ್ಲಿ, ಸಾಲಾಗಿ ಐವತ್ತು ಗುಂಡಿ. ಪಕ್ಕದಲ್ಲಿ ಹೊಂಗೆ, ಬೇವು, ನೇರಳೆ ಸಸಿ. ಹಾರ, ಶಾಲು, ಹಣ್ಣಿನ ಬುಟ್ಟಿ. ಗುಂಡಿಯಿಂದ ತೆಗೆದ ಮಣ್ಣಿನ ಗುಡ್ಡೆ ನೋಡಿದೆ. ಅದರ ತುಂಬ ಹುಲ್ಲಿನ ಬೇರಿನ ಮುದ್ದೆಗಳು. ಅದೇ ಚುಚ್ಚೋ ಹುಲ್ಲು. ಹಿಂದಿನ ನವೆಂಬರಿನಲ್ಲಿ ಅಲ್ಲಿಂದ ನೂರು ಮಾರು ಆಚೆ ಮಂಡಿಯೂರಿ ಎಣಿಸಿದ್ದೆ.

ಏನು ಹೇಳಬೇಕಿತ್ತು ಅಂತ ನನಗೆ ಗೊತ್ತಿತ್ತು. ಇದು ಕಾಡು ಕಡಿದು ಬೋಳಾದ ಜಾಗ ಅಲ್ಲ. ಈ ಥರದ ಬಿಸಿಲುಹುಲ್ಲು ನಮ್ಮ ಉಪಖಂಡದಲ್ಲಿ ಹರಡಿಕೊಂಡು ಸುಮಾರು 70 ಲಕ್ಷ ವರ್ಷ ಆಯಿತು, ಮನುಷ್ಯ ಕೊಡಲಿ ಹಿಡಿಯುವುದಕ್ಕೆ ಎಷ್ಟೋ ಮುಂಚೆ. ಇದರ ಎಲೆಯೊಳಗಿನ ಕಟ್ಟಡವೇ ಬೇರೆ, ಭತ್ತದ ಹಾಗಲ್ಲ. ಕಡಿಮೆ ನೀರಲ್ಲಿ, ಜಾಸ್ತಿ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ವಿಜ್ಞಾನದವರು ಸಿ4 ಅಂತಾರೆ. ನಮ್ಮ ನವಣೆ, ಸಜ್ಜೆ, ಜೋಳ, ರಾಗಿ ಎಲ್ಲ ಇದೇ ದಾಯಾದಿಗಳು. ಇದಕ್ಕೆ ಬೇಕಾದ್ದು ಬಿಸಿಲು. ಮೇಲೆ ಮರದ ನೆರಳು ಬಿದ್ದರೆ ಸೊರಗುತ್ತದೆ. ಹುಲ್ಲು ಸೊರಗಿದರೆ ದೂರದ ತನಕ ಕಣ್ಣು ಹಾಯಬೇಕಾದ ಕೃಷ್ಣಮೃಗಕ್ಕೆ, ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗೆ ಜಾಗ ಇಲ್ಲ. ಮರ ನೆಡಬೇಕು, ಆದರೆ ಎಲ್ಲ ಕಡೆ ಅಲ್ಲ. ಊರೊಳಗೆ ನೆಡಿ, ಕೆರೆ ಏರಿ ಮೇಲೆ ನೆಡಿ, ನಮ್ಮ ಶಾಲೆಯ ಅಂಗಳದಲ್ಲಿ ನೆಡಿ.

ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೂ ಹೋಗಿದ್ದೆ. ಮೈಕ್ ಹಿಡಿದು ಎರಡು ವಾಕ್ಯ ಹೇಳಿದೆ. ಹುಲ್ಲೂ ಮುಖ್ಯ ಮಕ್ಕಳೇ, ಅಂದೆ. ಎದುರಿಗೆ ನನಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಹೆಮ್ಮೆಯಿಂದ ನೋಡುತ್ತಿದ್ದರು. ಹಿಂದೆ ಫೋಟೋಗ್ರಾಫರ್. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು, ಅಕ್ಕ ನೀವು ಹುಲಿ ನೋಡಿದೀರಾ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಟಿ ಮಡಚಿ ಸೆರಗಿನ ಒಳಗೆ ಇಟ್ಟುಕೊಂಡು, ಹೊಂಗೆ ಸಸಿ ಹಿಡಿದು ಗುಂಡಿಯೊಳಗೆ ಇಟ್ಟೆ. ನೀರು ಹಾಕಿದೆ. ಆ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದೆ, ಸುಳ್ಳು ಯಾಕೆ. ರಾತ್ರಿ ಮೇಡಂ ಅದನ್ನು ನೋಡಿದ್ದಾರೆ ಅಂತ ತೋರಿಸಿತು. ಅವರು ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ. ಮುಂದಿನ ಸಲ ಊರಿಗೆ ಹೋದಾಗ ಐವತ್ತರಲ್ಲಿ ಆರು ಸಸಿ ಇದ್ದವು, ಉಳಿದದ್ದು ಮೇಕೆ ಪಾಲು. ನನಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಗುಂಡಿ ಮಾತ್ರ ಹಾಗೇ ಇವೆ, ಅದರಲ್ಲಿ ಹುಲ್ಲು ವಾಪಸ್ ಬಂದಿಲ್ಲ. ಅಲ್ಲಿ ಪಾರ್ಥೇನಿಯಂ ಬಂದಿದೆ.

ಮೇಷ್ಟ್ರನ್ನು ದೂರಿ ಪ್ರಯೋಜನ ಇಲ್ಲ. ಅವರ ಕಣ್ಣಿಗೆ ಅದು ಖಾಲಿ ಜಾಗ. ಪಹಣಿ ತೆಗೆದು ನೋಡಿದರೂ ಅಷ್ಟೇ. 'ಅ' ಖರಾಬು, 'ಬ' ಖರಾಬು, ಬೀಳು. ದೇಶದ ಬಂಜರು ಭೂಮಿಯ ನಕಾಶೆಯಲ್ಲೂ ಕುರುಚಲು, ಹುಲ್ಲುಗಾವಲು ಬಂಜರಿನ ಲೆಕ್ಕಕ್ಕೇ ಸೇರುತ್ತವೆ. ಅಲ್ಲಿ ಯಾರೂ ಎಣಿಸಿ ಸೊನ್ನೆ ಬರೆದದ್ದಲ್ಲ. ಮನೆ ಖಾಲಿ ಬಿಟ್ಟಿದ್ದಾರೆ, ಅಷ್ಟೇ. ಖಾಲಿ ಮನೆಗೆ ಯಾರು ಬೇಕಾದರೂ ಏನು ಬೇಕಾದರೂ ತುಂಬಬಹುದು. ಗೋಡೆಯನ್ನೂ, ಹೊಂಗೆಯನ್ನೂ.

ಕಾಣದ ಸೊನ್ನೆ

ವಿಷ್ಣುಕ್ರಾಂತಿಯ ಕಥೆಯನ್ನು ಮೇಡಂಗೆ ಹೇಳಿದಾಗ, ಈಗ ನಿನಗೆ ಮುಂದಿನ ಪಾಠ ಗೊತ್ತಾಯಿತು ಅಂದರು. ಸೊನ್ನೆಯಲ್ಲೂ ಎರಡು ಥರ. ಒಂದು ಇಲ್ಲದ ಸೊನ್ನೆ, ಇನ್ನೊಂದು ಇದ್ದೂ ಕಾಣದ ಸೊನ್ನೆ. ಒಂದೇ ಸಲ ಹೋಗಿ ಬಂದರೆ ಎರಡನ್ನೂ ಬೇರೆ ಮಾಡೋಕೆ ಆಗಲ್ಲ. ಅದಕ್ಕೇ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಹೋದ ಐದು ಸಲದಲ್ಲಿ ಎಷ್ಟು ಸಲ ಕಂಡಿತು ಅನ್ನೋದರಿಂದ, ಕಾಣದ ಕಡೆಯೂ ಇರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಬಹುದು. ಆಕ್ಯುಪೆನ್ಸಿ ಮಾಡೆಲ್ ಅಂತಾರೆ. ಈ ಓದಿನಲ್ಲಿ ನನಗೆ ತುಂಬ ಇಷ್ಟವಾದ ಗಣಿತ ಇದು. ನಾನು ನೋಡಲಿಲ್ಲ ಅನ್ನೋದನ್ನು ಅದು ನನ್ನ ಕಣ್ಣಿನ ದೋಷ ಅಂತ ಮೊದಲು ಒಪ್ಪಿಕೊಂಡು, ಆಮೇಲೆ ಮುಂದಕ್ಕೆ ಹೋಗುತ್ತದೆ.

ಜಗಳೂರಿನ ಕೊಂಡುಕುರಿಯನ್ನು ನೆನೆಸಿಕೊಳ್ಳಿ. ಗಂಡಿಗೆ ನಾಲ್ಕು ಕೊಂಬು, ಕಾಡಿನ ಪ್ರಾಣಿಗಳಲ್ಲಿ ಇಂಥದ್ದು ಬೇರೆ ಇಲ್ಲ. ಒಂಟಿ, ಪುಕ್ಕಲು, ಪೊದೆಯಲ್ಲಿ ನಿಂತರೆ ಕಾಣಲ್ಲ. ರಂಗಯ್ಯನದುರ್ಗ ಕಾಡಿನ ಸುತ್ತಲಿನ ಜನಕ್ಕೆ ಅದು ಹೆಸರಿಟ್ಟು ಕರೆಯುವಷ್ಟು ಗೊತ್ತಿತ್ತು. 2011ರಲ್ಲಿ ಅಲ್ಲಿ ಅದಕ್ಕಂತಲೇ ವನ್ಯಜೀವಿಧಾಮ ಆಯಿತು. ನಾನು ಎರಡು ಸಲ ಹೋಗಿದ್ದೇನೆ, ಹಿಕ್ಕೆ ನೋಡಿದ್ದೇನೆ, ಪ್ರಾಣಿ ನೋಡಿಲ್ಲ. ಅದು ಕಾಣದ ಸೊನ್ನೆ. ಇನ್ನು ದಾವಣಗೆರೆಯಿಂದ ಹರಿಹರ ದಾಟಿದರೆ ರಾಣೆಬೆನ್ನೂರು. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆ ಅಭಯಾರಣ್ಯ ಮಾಡಿದರು. ಆ ಬಯಲಿಗೆ ನೀಲಗಿರಿ ನೆಟ್ಟರು. ಕೃಷ್ಣಮೃಗ ಹೇಗೋ ಸಂಭಾಳಿಸಿಕೊಂಡಿತು. ಅಲ್ಲೇ ಇದ್ದ ಎರೆಭೂತ, ಆ ಒಂದು ಮೀಟರ್ ಎತ್ತರದ ಹಕ್ಕಿ, ಸಂಭಾಳಿಸಿಕೊಳ್ಳಲಿಲ್ಲ. ಈಗ ಇಡೀ ದೇಶದಲ್ಲಿ ಅದರ ಲೆಕ್ಕ 200ಕ್ಕಿಂತ ಕಡಿಮೆ. ಅದು ಯಾವ ಥರದ ಸೊನ್ನೆ ಅಂತ ನಾನು ಹೇಳಬೇಕಾಗಿಲ್ಲ.

ಮೊನ್ನೆ ಭಾನುವಾರ ಅವ್ವ ಫೋನ್ ಮಾಡಿ ಅಪ್ಪನ ಮೇಲೆ ದೂರು ಹೇಳಿದಳು. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗ ಎಲ್ಲ ಹಾಳು ಮಾಡಿದ್ದಾನಂತೆ. ಫೋಟೋ ಕಳಿಸು ಅಂದೆ. ನಾನು ಹೊರಡುವಾಗ ತಮಾಷೆಗೆ, ಕಾವಲಲ್ಲಿ ತೋಳ ಐತಾ ಇಲ್ವಾ ನೀನೇ ನೋಡಪ್ಪ ಅಂದಿದ್ದೆ. ಅವನು ಬೆಳಗಿನ ಹೊತ್ತು ಹೊಲಕ್ಕೆ ಹೋಗುವಾಗ ಸುತ್ತಿ ಹೋಗುತ್ತಿದ್ದಾನೆ. ಒಂದೊಂದು ತಾರೀಖಿನ ಪಕ್ಕವೂ ಪೆನ್ಸಿಲ್ಲಿನಲ್ಲಿ ಗುಂಡಗೆ ಸೊನ್ನೆ. 0, 0, 0, 0. ಹನ್ನೆರಡನೇ ತಾರೀಖು ಹೆಜ್ಜೆ ಅಂತ ಬರೆದು ಪ್ರಶ್ನೆಚಿಹ್ನೆ ಹಾಕಿದ್ದಾನೆ. ಮತ್ತೆ ಸೊನ್ನೆಗಳು. ಹತ್ತೊಂಬತ್ತರ ಮನೆಯಲ್ಲಿ ಏನೂ ಇರಲಿಲ್ಲ. ಅಲ್ಲಿ ಬರಿಯೋದು ಮರೆತ್ಯಾ ಅಂತ ಕೇಳಿದೆ.

"ಇಲ್ಲ ಕಣವ್ವ. ಅವತ್ತು ಶೇಂಗಾ ಕೀಳೋಕೆ ಆಳು ಬಂದಿದ್ರು. ನಾನು ಹೋಗಿರಲಿಲ್ಲ."